ಅವ್ವ ಕಳೆದುಹೋದ ಕ್ರಿಸ್ಮಸ್

ಕಳೆದ ವರ್ಷ ಕ್ರಿಸ್ಮಸ್ಸಿಗೆ ಎರಡೇ ದಿನ ಉಳಿದಿರುವಾಗ ನನ್ನ ಅವ್ವ ಹೂವಿನಹಡಗಲಿ ಬಸ್ ನಿಲ್ದಾಣದಲ್ಲಿ ಕಳೆದುಹೋದಳು. ಕರ್ತನ ಮಕ್ಕಳೇ, ಆ ದಿನ ನಡೆದದ್ದನ್ನು ಹೇಳದೆ ಇರಲಾರೆ. ಬರೆಯುವಾಗ ಈಗಲೂ ಎದೆ ಹಿಗ್ಗುತ್ತದೆ.

ನಾವು ಇಟ್ಟಿಗಿಯವರು. ಎಪ್ಪತ್ತು ದಾಟಿದ ಅವ್ವನಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ತನ್ನ ಹೆಸರೂ ನೆನಪಿರುವುದಿಲ್ಲ. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಪೇಟೆಗೆ ಕರೆತಂದಿದ್ದೆ. ಮಕ್ಕಳ ಬಟ್ಟೆ, ಕೇಕು, ನಕ್ಷತ್ರ, ನಾವು ಆರಾಧನೆಗೆ ಸೇರುವ ಸಭೆಗೆ ಹೊಸ ಪರದೆ ಎಲ್ಲ ನನ್ನ ತಲೆಯ ಮೇಲೆಯೇ ಇತ್ತು.

"ಇಲ್ಲೇ ಕುಂದ್ರು ಅವ್ವಾ, ಹತ್ತು ನಿಮಿಷದಾಗ ಬರ್ತೀನಿ" ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಅಂಗಡಿಗೆ ಓಡಿದೆ. ಪರದೆಯ ಬಣ್ಣ ಆರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಬಂದು ನೋಡಿದರೆ ಬೆಂಚು ಖಾಲಿ.

ಕಂಡಕ್ಟರರನ್ನು ಕೇಳಿದೆ, ಚಹಾದಂಗಡಿಯಲ್ಲಿ ಕೇಳಿದೆ. ಯಜಮಾನರು ಬೈಕಿನಲ್ಲಿ ಬಂದು ಊರೆಲ್ಲ ಸುತ್ತಿದರು. ಪೊಲೀಸರಿಗೂ ತಿಳಿಸಿದೆವು. ಮಧ್ಯಾಹ್ನ ಮೂರಾದರೂ ಸುಳಿವಿಲ್ಲ. ಆ ತಿಂಗಳೆಲ್ಲ ನಾನು ಒಂದು ದಿನವೂ ಸಮಾಧಾನದಿಂದ ಮೊಣಕಾಲೂರಿ ಪ್ರಾರ್ಥಿಸಿರಲಿಲ್ಲ ಎಂಬುದು ಆಗ ನೆನಪಾಯಿತು. ಜನರ ನಡುವೆಯೇ ಮೊಣಕಾಲೂರಿದೆ. "ಯೇಸಪ್ಪಾ, ನಿನ್ನ ಹಬ್ಬದಾಗ ನಿನ್ನನ್ನೇ ಮರ್ತೆ. ಅವ್ವನ್ನ ನೀನೇ ಕಾಯಿ" ಎಂದು ಅತ್ತೆ.

ಏಳುವಷ್ಟರಲ್ಲಿ ಹೂವಿನ ಮೂಟೆ ಇಳಿಸುತ್ತಿದ್ದ ಆಟೋದವರೊಬ್ಬರು ಹತ್ತಿರ ಬಂದರು. "ಯಾಕ್ರಿ ಅಕ್ಕಾರ, ಅಜ್ಜಿನ್ನ ಹುಡುಕಾಕತ್ತೀರೇನು? ಬಿಳಿ ಸೀರಿ ಉಟ್ಟಾಳಲ್ರಿ? ನಮ್ಮ ತೋಟದಾಗ ಅದಾಳ, ಬರ್ರಿ."

ಊರಾಚೆಯ ಹೂದೋಟಕ್ಕೆ ಅದೇ ಆಟೋದಲ್ಲಿ ಹೋದೆವು. ಬೇವಿನ ಮರದಡಿ ಏಳೆಂಟು ಹೆಂಗಸರು ಕನಕಾಂಬರ ಕಟ್ಟುತ್ತಿದ್ದರು. ನಡುವೆ ಅವ್ವ ಕುಳಿತು, ತಡವರಿಸದೆ ಮಾತಾಡುತ್ತಿದ್ದಳು.

"ಛತ್ರದಾಗ ಜಾಗ ಸಿಗಲಿಲ್ಲವ್ವಾ. ಮರಿಯಮ್ಮ ಕೂಸನ್ನ ಬಟ್ಟ್ಯಾಗ ಸುತ್ತಿ ದನಕ್ಕ ಮೇವು ಹಾಕೋ ಗೋದಲ್ಯಾಗ ಮಲಗಿಸಿದ್ಲು. ದೇವದೂತ ಮೊದಲ ಸುದ್ದಿ ಹೇಳಿದ್ದು ಅರಸಗಲ್ಲ, ಕುರಿ ಕಾಯೋರಿಗೆ."

"ನಮ್ಮಂಥೋರಿಗಾ?" ಎಂದಳು ಹನುಮವ್ವ ಎಂಬ ಹಿರಿಯಳು. ಅವಳ ಮನೆಯವರು ಕುರಿ ಸಾಕುವವರು.

"ಹೂಂನವ್ವಾ, ನಿಮ್ಮಂಥೋರಿಗೇ."

ನನ್ನನ್ನು ಕಂಡು ಹನುಮವ್ವ ಎದ್ದು ಬಂದಳು. "ನಿಮ್ಮ ಅವ್ವನೇನ್ರಿ? ಬಸ್ ಸ್ಟ್ಯಾಂಡಿನಾಗ ನಮ್ಮ ಹಿಂದನ ಆಟೋ ಹತ್ತಿ ಬಂದಾಳ. ಹೆಸರು ಗೊತ್ತಿಲ್ಲ ಅಂದ್ಲು, ಊರು ಗೊತ್ತಿಲ್ಲ ಅಂದ್ಲು. ರೊಟ್ಟಿ ಕೊಟ್ವಿ, ಒಂದು ಕಥಿನರ ಹೇಳಬೇ ಅಂದ್ವಿ. ನೋಡ್ರಿ, ನಿಲ್ಲಿಸವಲ್ಲಳು."

ನಾನು ಅವ್ವನನ್ನು ತಬ್ಬಿಕೊಂಡು ಅತ್ತೆ, ನಕ್ಕೆ. ಎಲ್ಲ ಅಳಿಸಿಹೋದ ಆ ತಲೆಯಲ್ಲಿ ನನ್ನ ದೇವರು ತನ್ನ ಜನನದ ಸುವಾರ್ತೆಯನ್ನು ಅಕ್ಷರ ಬಿಡದೆ ಕಾಪಾಡಿದ್ದನು.

ಹೊಸ ಪರದೆ ಅಂಗಡಿಯಲ್ಲೇ ಉಳಿದಿತ್ತು; ಕ್ರಿಸ್ಮಸ್ ಬೆಳಿಗ್ಗೆ ನಮ್ಮ ಸಭೆಯಲ್ಲಿ ಹಳೆಯ ಪರದೆಯೇ ಇತ್ತು. ಪಾಸ್ಟರು ಅವ್ವನನ್ನು ಮುಂದೆ ಕೂರಿಸಿ, "ಇವತ್ತು ಪ್ರಸಂಗ ನಿಮ್ದೇ ಅಮ್ಮಾ" ಎಂದರು. ಅವಳು ಅದೇ ಕಥೆ ಹೇಳುತ್ತಿರುವಾಗ ಬಾಗಿಲಲ್ಲಿ ಸದ್ದಾಯಿತು. ತೋಟದಿಂದ ಹೊರಡುವಾಗ ನಾನು ಹೇಳಿದ್ದ ಊರಿನ ಗುರುತು ಹಿಡಿದು ಹನುಮವ್ವ ತನ್ನ ಮೂವರು ಗೆಳತಿಯರೊಂದಿಗೆ ಬಂದು ನಿಂತಿದ್ದಳು.

"ಅವತ್ತು ಕಥಿ ಅರ್ಧಕ್ಕ ನಿಂತಿತ್ರಿ. ಕುರಿ ಕಾಯೋರು ಕೂಸನ್ನ ನೋಡಾಕ ಹೋದ್ರೋ ಇಲ್ಲೋ, ಕೇಳಾಕ ಬಂದ್ವಿ."

ನಾವು ಸರಿದು ಕುಳಿತು ಅವರಿಗೆ ಜಾಗ ಮಾಡಿಕೊಟ್ಟೆವು. ನನ್ನ ಪ್ರಾರ್ಥನೆ ಕೇಳಿದ ಯೇಸುಸ್ವಾಮಿಗೆ ಸ್ತೋತ್ರ.