ಕಾರ್ ಶೆಡ್ಡಿನ ಪಿಯಾನೊ

ನಮ್ಮ ಮನೆಯಲ್ಲಿ ಕಾರು ಬಿಸಿಲಿಗೂ ಮಳೆಗೂ ಹೊರಗೇ ನಿಲ್ಲುತ್ತದೆ. ಕಾರ್ ಶೆಡ್ಡಿನಲ್ಲಿ ಇರುವುದು ಪಿಯಾನೊ. ಪಾಣೆಮಂಗಳೂರಿಗೆ ನಮ್ಮನ್ನು ಹುಡುಕಿಕೊಂಡು ಬರುವವರಿಗೆ ಪೇಟೆಯ ಅಂಗಡಿಯವರು ಹೇಳುವ ಗುರುತೂ ಅದೇ: "ಸೇತುವೆ ದಾಟಿ ಎಡಕ್ಕೆ ಹೋಗಿ. ಕಾರು ಹೊರಗೆ, ಪೆಟ್ಟಿಗೆ ಒಳಗೆ ಇರುವ ಮನೆ." ಆ ಪಿಯಾನೊದ ಮೇಲೆ ಸದ್ಯಕ್ಕೆ ನನ್ನ ಹೆಲ್ಮೆಟ್ಟು, ಎರಡು ಕೊಡೆ ಮತ್ತು ಒಂದು ಹಪ್ಪಳದ ಡಬ್ಬಿ ಉಂಟು. ಅದನ್ನು ನುಡಿಸಲು ನನಗೆ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಆದರೂ ಅದರ ಯಜಮಾನ ನಾನು, ಏಕೆಂದರೆ ಅದನ್ನು ನುಡಿಸುತ್ತಿದ್ದ ಮನುಷ್ಯ ನನ್ನ ಸೋದರಮಾವ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಅಳಿಯಸಂತಾನದ ಕುಟುಂಬ. ಮಾವನ ಸೊತ್ತು ಅವನ ಅಕ್ಕನ ಮಗನಿಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಅದಕ್ಕೆ ನನ್ನ ಅಮ್ಮನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಬೇರೆ ಅಳಿಯಂದಿರಿಗೆ ಮಾವಂದಿರಿಂದ ಗದ್ದೆ ಬರುತ್ತದೆ, ಮುಂಬಯಿಯಲ್ಲೊಂದು ಹೋಟೆಲು ಬರುತ್ತದೆ, ಏನೂ ಇಲ್ಲದಿದ್ದರೆ ಮುಗಿಯದ ಒಂದು ಕೋರ್ಟು ಕೇಸಾದರೂ ಬರುತ್ತದೆ. ನನಗೆ ಬಂದದ್ದು ಈ ಪೆಟ್ಟಿಗೆ. ನದಿ ಬದಿಯ ತೇವಕ್ಕೆ ಮರ ಉಬ್ಬಿ, ಮಳೆಗಾಲದಲ್ಲಿ ಅದರ ಅರ್ಧ ಕೀಲಿಗಳು ಒತ್ತಿದರೆ ಮೇಲೆ ಬರುವುದಿಲ್ಲ. ಒಳಗೊಂದು ಬಲ್ಬು ಉರಿಸಿಡಬೇಕು, ಕೋಳಿಮರಿಗಳಿಗೆ ಇಟ್ಟ ಹಾಗೆ. ಅದರ ಕರೆಂಟ್ ಬಿಲ್ಲು ಕೂಡ ಅಳಿಯನದ್ದೇ.

ಸಂಜೀವ ಮಾವ ಅಮ್ಮನ ಒಬ್ಬನೇ ತಮ್ಮ. ಹೆತ್ತವರು ಬೇಗ ಹೋದ ಮೇಲೆ ಅವನನ್ನು ಉಣಿಸಿ ಮಲಗಿಸಿ ದೊಡ್ಡದು ಮಾಡಿದವಳು ಅಮ್ಮನೇ. ಅವನು ಎಂತ ಮಾಡುವುದು ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು: "ಹೋಟೆಲ್ ಲೈನು. ದುಬೈ." ನಮ್ಮ ಕಡೆ ಹೋಟೆಲ್ ಲೈನು ಎಂದ ಮೇಲೆ ಮುಂದಿನ ಪ್ರಶ್ನೆ ಇಲ್ಲ. ಕೇಳಿದವರು ತಲೆಯಾಡಿಸಿ, ಮನಸ್ಸಿನಲ್ಲೇ ಒಂದು ಕ್ಯಾಶ್ ಕೌಂಟರು, ಒಂದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೊಂದು ದೇವರ ಪಟ ಜೋಡಿಸಿಕೊಳ್ಳುತ್ತಾರೆ. ಅಮ್ಮ ಸುಳ್ಳು ಹೇಳಿದ್ದಲ್ಲ, ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಮಾವನೂ ಪೂರ್ತಿ ಸುಳ್ಳು ಹೇಳಿದವನಲ್ಲ. ಅವನು ಇದ್ದದ್ದು ಹೋಟೆಲಿನಲ್ಲೇ, ಆದರೆ ಕೌಂಟರಿನ ಹಿಂದೆ ಅಲ್ಲ, ಊಟದ ಹಾಲ್‌ನ ಮೂಲೆಯಲ್ಲಿ ಪಿಯಾನೊದ ಮುಂದೆ. ಕ್ಯೂಬಾ ಕಡೆಯ ಜಾಝ್ ನುಡಿಸುವ ಬ್ಯಾಂಡಿನಲ್ಲಿ, ಕಪ್ಪು ಕೋಟು ಹಾಕಿಕೊಂಡು, ಸಾಂಚೆಸ್ ಎಂಬ ಹೆಸರಿನಲ್ಲಿ.

ಮುಂಬಯಿಗೆ ಅವನು ಹೋದದ್ದು ನೆಂಟರ ಹೋಟೆಲಿನಲ್ಲಿ ಟೋಕನ್ ಕೊಡುವ ಕೆಲಸಕ್ಕೆ. ಪಕ್ಕದ ಬಾರಿನಲ್ಲಿ ಗೋವಾದ ಒಬ್ಬ ಮುದುಕ ಪಿಯಾನೊ ನುಡಿಸುತ್ತಿದ್ದ. ಮಧ್ಯಾಹ್ನ ಬಾರು ಖಾಲಿ ಇರುವಾಗ ಮಾವ ಅವನಿಗೆ ಮಸಾಲೆ ದೋಸೆ ಒಯ್ಯುತ್ತಿದ್ದ, ಅವನು ಮಾವನಿಗೆ ಕಲಿಸುತ್ತಿದ್ದ. ಅಲ್ಲಿಂದ ದುಬೈ, ನಡುವೆ ಕೆಲವು ವರ್ಷ ಪ್ರವಾಸಿ ಹಡಗು. ಬ್ಯಾಂಡಿನ ಯಜಮಾನ ಕೊಲಂಬಿಯಾದವನು. ಸಂಜೀವ ಶೆಟ್ಟಿ ಕ್ಯೂಬಾದ ಸಂಗೀತ ನುಡಿಸುತ್ತಾನೆ ಎಂದರೆ ಯಾರು ಬರುತ್ತಾರೆ ಎಂದು ಹೆಸರು ಬದಲಿಸಿದವನು ಅವನೇ. ಮಾವನ ಬಣ್ಣ, ಮೀಸೆ, ಗುಂಗುರು ಕೂದಲು ಎಲ್ಲ ಆ ಹೆಸರಿಗೆ ಚೆನ್ನಾಗಿ ಒಪ್ಪಿತು. ಯಾರಾದರೂ ಸ್ಪ್ಯಾನಿಷಿನಲ್ಲಿ ಮಾತಾಡಿಸಿದರೆ ಮಾತ್ರ ಫಜೀತಿ. "ಎಂತ ಮಾಡುವುದು, ಒಮ್ಮೆ ನಗಾಡುವುದು, ಮತ್ತೆ ಜೋರು ನುಡಿಸುವುದು. ಅವರ ಮಾತು ಅವರಿಗೇ ಕೇಳಬಾರದು, ಹಾಗೆ," ಎನ್ನುತ್ತಿದ್ದ. ಅಲ್ಲಿಯ ಚಪ್ಪಾಳೆಯೆಲ್ಲ ಸಾಂಚೆಸ್‌ಗೆ ಬಿತ್ತು. ಇಲ್ಲಿಯ ಮರ್ಯಾದೆಯೆಲ್ಲ ಇಲ್ಲದ ಒಬ್ಬ ಹೋಟೆಲ್ ಮ್ಯಾನೇಜರಿಗೆ ಹೋಯಿತು. ಸಂಜೀವ ಮಾವನಿಗೆ ಎಂತ ಸಿಕ್ಕಿತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಮನೆಗೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಚಿಕ್ಕವನಿರುವಾಗ, ದೈವದ ಕೋಲ ನಡೆಯುವ ಅಂಗಳದಲ್ಲಿ, ಮಾವ ತೆಂಬರೆಯ ಡೋಲು ಬಾರಿಸುವವರ ನಡುವೆ ಹೋಗಿ ಕೂತು ಅವರ ಪೆಟ್ಟನ್ನು ತನ್ನ ತೊಡೆಯ ಮೇಲೆ ಹಾಕುತ್ತಿದ್ದನಂತೆ. ಅಮ್ಮ ಕಿವಿ ಹಿಡಿದು ಎಳೆದು ತಂದಳು. "ನಮಗೆ ಬಾರಿಸುವವರು ಬೇರೆ ಇದ್ದಾರೆ. ನಾವು ಬಾರಿಸುವ ಜನ ಅಲ್ಲ." ಅವರು ಬಾರಿಸಿದರೆ ದೈವ ಬರುತ್ತದೆ, ನಾವು ಕೈಮುಗಿದು ನಿಲ್ಲುತ್ತೇವೆ, ಊಟದ ಹೊತ್ತಿಗೆ ಮಾತ್ರ ಅವರ ಎಲೆ ಬೇರೆ ಕಡೆ. ಈ ಸಾಲು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯದಿದ್ದರೆ ಮುಂದಿನದ್ದು ನಿಮಗೆ ಅರ್ಥವಾಗುವುದಿಲ್ಲ.

ಆ ಸಂಗೀತದ ಬಗ್ಗೆಯೂ ಎರಡು ಮಾತು. ಮಾವ ಹೇಳುವ ಪ್ರಕಾರ ಅದರ ಗಲಾಟೆಯೆಲ್ಲ ನಿಂತಿರುವುದು ಒಂದು ಸಣ್ಣ ತಾಳದ ಮೇಲೆ: ಮೂರು ಪೆಟ್ಟು, ಸ್ವಲ್ಪ ಬಿಟ್ಟು ಎರಡು ಪೆಟ್ಟು. ಅದನ್ನು ಅವನು ಊಟದ ಮೇಜಿನ ಮೇಲೆ, ಕಾರಿನ ಬಾನೆಟ್ಟಿನ ಮೇಲೆ, ಒಮ್ಮೆ ಬ್ಯಾಂಕಿನ ಕೌಂಟರಿನ ಗಾಜಿನ ಮೇಲೂ ಹಾಕಿ ತೋರಿಸಿದ್ದಾನೆ. ನಾನು ಕನ್ನಡ ಮಾಸ್ಟ್ರು. ಬಂಟ್ವಾಳದ ಮಕ್ಕಳಿಗೆ ಛಂದಸ್ಸು ಕಲಿಸಿ ಅವರ ಶಾಪ ತಿನ್ನುವವನು. ತಕ್ಷಣ ಕಾಗದ ತೆಗೆದು ಲಘು ಗುರು ಹಾಕಿ, ಇದು ಯಾವ ಗಣ ಎಂದು ಹುಡುಕಲು ಕೂತೆ. ಮಾವ ನೋಡಿ ನೋಡಿ, "ಮಾಸ್ಟ್ರೇ, ಅದು ಬರೆದ್ರೆ ಸಿಕ್ಕುವುದಿಲ್ಲ. ಗೆಣ್ಣಿನಲ್ಲಿ ಉಂಟು," ಎಂದ. ಆಫ್ರಿಕಾದಿಂದ ಕಬ್ಬಿನ ತೋಟಗಳಿಗೆ ಹಿಡಿದು ತಂದ ಜನರ ಕೈಯಿಂದ ಡೋಲು ಕಸಿದುಕೊಂಡಿದ್ದರಂತೆ. ಅವರು ಹಡಗು ಕಟ್ಟುವಲ್ಲಿ ಬಿದ್ದಿದ್ದ ಮರದ ಗೂಟಗಳನ್ನೇ ಒಂದಕ್ಕೊಂದು ಬಡಿದು ಈ ತಾಳ ಉಳಿಸಿಕೊಂಡರಂತೆ. ಹೇಳುವಾಗ ಮಾವನ ಕಣ್ಣು ಅಮ್ಮ ಇದ್ದ ಅಡುಗೆಮನೆಯ ಕಡೆ ಇತ್ತು.

ಅವನು ಊರಿಗೆ ಬಂದದ್ದು ಬಲಗೈ ನಡುಗಲು ಸುರುವಾದ ಮೇಲೆ. ನಡುಗುವ ಕೈಯವನಿಗೆ ಬ್ಯಾಂಡಿನಲ್ಲಿ ಜಾಗ ಇಲ್ಲ. ಹೋಟೆಲಿನವರು ಆ ಹಾಲ್ ಕೆಡವಿ ಬೇರೆ ಎಂತದೋ ಮಾಡುವಾಗ ಹಳೆಯ ಪಿಯಾನೊವನ್ನು ಇವನಿಗೇ ಕೊಟ್ಟುಬಿಟ್ಟರು. ಮಂಗಳೂರಿನಿಂದ ಅದನ್ನು ಪಿಕಪ್ಪಿನಲ್ಲಿ ತಂದವನು ನಮ್ಮ ಪೇಟೆಯ ಹಮೀದ್ ಬ್ಯಾರಿ. ಅವನೂ ಒಂದು ಕಾಲದಲ್ಲಿ ದುಬೈಯಲ್ಲಿ ಹೋಟೆಲುಗಳ ಬಟ್ಟೆ ಒಯ್ಯುವ ವ್ಯಾನು ಓಡಿಸಿದವನು. ಅಂಗಳದಲ್ಲಿ ಹಗ್ಗ ಬಿಚ್ಚುತ್ತಿದ್ದವನು ಮಾವನ ಮುಖ ಕಂಡು ಹಾಗೆಯೇ ನಿಂತ.

"ಅಲ್ಲ ಮಾರಾಯ್ರೇ, ನೀವು ಸಾಂಚೆಸ್ ಅಲ್ವಾ? ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಮ್ಮದು ಎಷ್ಟು ಕೇಳಿದ್ದೇನೆ ನಾನು! ನೀವು ನಮ್ಮ ಊರಿನವರಾ?"

ಅಷ್ಟು ವರ್ಷ ಮುಚ್ಚಿಟ್ಟದ್ದು ಪಾಪ ಹಮೀದನ ಸಂತೋಷದಲ್ಲಿ ಬಯಲಾಯಿತು. ಅಮ್ಮ ಮೆಟ್ಟಿಲಲ್ಲಿ ನಿಂತು ಎಲ್ಲ ಕೇಳಿದಳು. ಮತ್ತೆ ತಮ್ಮನನ್ನು ಕೇಳಿದಳು, "ಬಾರಿಸಲಿಕ್ಕೆ ಹೋದದ್ದಾ ನೀನು ಅಷ್ಟು ದೂರ?" ಇದು ತುಳುವಿನಲ್ಲಿ ಕೇಳಿದ್ದು, ಕನ್ನಡಕ್ಕೆ ಬರುವಾಗ ಖಾರ ಕಡಿಮೆಯಾಗಿದೆ. ಮಾವ ಹಗ್ಗ ಬಿಚ್ಚಲು ತಾನೇ ಕೈ ಹಾಕಿದ. "ಮನೆಯೊಳಗೆ ಬೇಡ," ಎಂದಳು. ಹಾಗೆ ಪಿಯಾನೊ ಶೆಡ್ಡಿಗೆ ಹೋಯಿತು, ಕಾರು ಹೊರಗೆ ಬಂತು.

ಅಡುಗೆಮನೆಯ ಕಿಟಕಿ ಆ ಶೆಡ್ಡಿಗೇ ತೆರೆಯುತ್ತದೆ. ಮಾವ ಪಿಯಾನೊದ ಮುಚ್ಚಳ ಎತ್ತಿದ ಎಂದರೆ ದಡಕ್ಕನೆ ಕಿಟಕಿ ಮುಚ್ಚುತ್ತಿತ್ತು. "ಸೊಳ್ಳೆ ಬರ್ತದೆ," ಎನ್ನುತ್ತಿದ್ದಳು ಅಮ್ಮ, ಬೆಳಗ್ಗೆ ಹನ್ನೊಂದು ಗಂಟೆಗೆ. ಮಾವ ಒಂದು ಕ್ಷಣ ಕಾದು ನುಡಿಸಲು ತೊಡಗುತ್ತಿದ್ದ. ಹಮೀದ್ ಆಗಾಗ ಬಂದು ಗೋಡೆಗೆ ಒರಗಿ ಕೇಳುತ್ತಿದ್ದ. ಅಕ್ಕಪಕ್ಕದವರು ಬಂದು, ಇದರಲ್ಲಿ ಯಕ್ಷಗಾನದ ಪದ ಬರ್ತದಾ ಎಂದು ವಿಚಾರಿಸುತ್ತಿದ್ದರು. ಅಮ್ಮ ಮಾತ್ರ ಒಂದು ದಿನವೂ ಆ ಕಡೆ ಬರಲಿಲ್ಲ. ತಮ್ಮನಿಗೆ ಹೊತ್ತಿಗೆ ಸರಿಯಾಗಿ ಗಂಜಿ, ಚಟ್ನಿ, ಮಾತ್ರೆ. ಮಾತು ಇಲ್ಲ.

ಕೈ ತೋರಿಸಲು ಅವನನ್ನು ನಾನು ಮೂಡುಬಿದಿರೆಗೆ ಕರೆದುಕೊಂಡು ಹೋಗುತ್ತಿದ್ದೆ. ಇದು ಇನ್ನು ಜಾಸ್ತಿಯಾಗುವುದೇ, ಕಡಿಮೆಯಾಗುವುದಲ್ಲ ಎಂದು ಡಾಕ್ಟರು ಹೇಳಿದ ದಿನ, ಬರುವ ದಾರಿಯಲ್ಲಿ ತೋಡಾರಿನ ಹತ್ತಿರ ಚಾ ಕುಡಿಯಲು ನಿಂತೆವು. ಗ್ಲಾಸು ಹಿಡಿದರೆ ಚಾ ಚೆಲ್ಲುತ್ತದೆ ಎಂದು ಮಾವ ಅದನ್ನು ಮೇಜಿನ ಮೇಲೆಯೇ ಇಟ್ಟು ಬಗ್ಗಿ ಕುಡಿದ.

"ಅಕ್ಕ ಒಮ್ಮೆ ಬಂದು ಕೂತ್ರೆ ಸಾಕಿತ್ತು ಮಾರಾಯ," ಎಂದ. "ಚಂದ ಉಂಟು ಅಂತ ಹೇಳುವುದು ಬೇಡ. ತಮ್ಮ ಬಾರಿಸ್ತಾನೆ ಅಂತ ಗೊತ್ತಿದ್ದು ಒಂದು ಹತ್ತು ನಿಮಿಷ ಎದುರು ಕೂತ್ಕೊಳ್ಳಲಿ. ಈ ಕೈ ಹೋಗುವ ಮೊದಲು."

ನಾನು ಅಮ್ಮನ ಹತ್ತಿರ ಜಗಳ ಮಾಡಿದೆ. ಬೆಳ್ತಂಗಡಿಯಲ್ಲಿ ನಮ್ಮ ಸಂಬಂಧಿಕರ ಹುಡುಗಿಯ ಮೆಹಂದಿ ಇತ್ತು. ಡಿಜೆ ಸುರುವಾಗುವ ಮೊದಲು ಮಾವ ನುಡಿಸುವುದೆಂದು ಅವರೇ ಕೇಳಿಕೊಂಡಿದ್ದರು, ಒಂದು ಕೀಬೋರ್ಡು ಬಾಡಿಗೆಗೆ ತಂದಿದ್ದರು. "ನೀನು ಬಾರದಿದ್ದರೆ ಆಮೇಲೆ ಪಶ್ಚಾತ್ತಾಪ ಪಡ್ತಿ," ಎಂದೆ. ಅಮ್ಮ ಸೀರೆ ಉಟ್ಟಳು, ಕನ್ನಡಕ ಒರೆಸಿಕೊಂಡಳು, ಕಾರಿನಲ್ಲಿ ಕೂತಳು ಕೂಡ. ಮಾವ ಮುಂದಿನ ಸೀಟಿನಲ್ಲಿ ಹಿಂದೆ ತಿರುಗದೆ ಕೂತಿದ್ದ. ಗೇಟಿನ ಹತ್ತಿರ ಅಮ್ಮ, "ನಿಲ್ಲಿಸು. ತಲೆಸಿಡಿತ. ನೀವು ಹೋಗಿ," ಎಂದು ಇಳಿದುಬಿಟ್ಟಳು.

ಅಲ್ಲಿ ನಡೆದದ್ದನ್ನು ಉದ್ದ ಮಾಡುವುದಿಲ್ಲ. ಜನ ಕೋರಿ ರೊಟ್ಟಿಯ ಊಟದ ಸಾಲಿನಲ್ಲಿದ್ದರು. ಮಾವನ ಎಡಗೈ ಸರಿಯಾಗಿಯೇ ಹೋಗುತ್ತಿತ್ತು, ಬಲಗೈ ತನ್ನದೇ ತಾಳ ಹಿಡಿಯಿತು. ನಡುನಡುವೆ ಅವನು ಗೇಟಿನ ಕಡೆ ನೋಡುತ್ತಿದ್ದ. ಯಾರೋ ಬಂದು, ಮರ್ಯಾದೆಯಿಂದಲೇ, "ಅಂಕಲ್, ಸಾಕಲ್ಲ, ಡಿಜೆಯವ ಕಾಯ್ತಾ ಇದ್ದಾನೆ," ಎಂದರು. ಮಾವ ಎದ್ದು ಕೀಬೋರ್ಡಿಗೆ ಕೈಮುಗಿದ. ಹಿಂದೆ ಬರುವಾಗ ಕಾರಿನಲ್ಲಿ ಅವನು ಆಡಿದ್ದು ಒಂದೇ ಮಾತು. "ಅಕ್ಕ ಬಾರದ್ದು ಒಳ್ಳೇದೇ ಆಯ್ತು. ಈ ಕೈಯನ್ನು ಕೇಳಿದ್ರೆ, ಇಷ್ಟಕ್ಕಾ ಇವ ಅಷ್ಟು ದೂರ ಹೋದದ್ದು ಅಂತ ಎಣಿಸ್ತಿದ್ದಳು." ನನಗೆ ಅಳು ಬಂತು. ಅಮ್ಮನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಅವನು ಎಡಗೈಯಲ್ಲಿ ಮಾತ್ರ ನುಡಿಸುತ್ತಿದ್ದ. ಕೊನೆಕೊನೆಗೆ ಅದೂ ಇಲ್ಲ, ಪಿಯಾನೊದ ಮರದ ಮೇಲೆ ಗೆಣ್ಣಿನಿಂದ ಆ ತಾಳ ಮಾತ್ರ. ಮೂರು, ಮತ್ತೆ ಎರಡು. ಅದಕ್ಕೂ ಕಿಟಕಿ ಮುಚ್ಚುತ್ತಿತ್ತು. ಜೋರು ಮಳೆಯ ಆಟಿ ತಿಂಗಳ ಒಂದು ಬೆಳಗ್ಗೆ ಕಾಫಿಗೆ ಕರೆದರೆ ಅವನು ಏಳಲಿಲ್ಲ.

ಹದಿಮೂರನೆಯ ದಿನ ಬೊಜ್ಜ, ಎಂದರೆ ಉತ್ತರಕ್ರಿಯೆ. ನಮ್ಮಲ್ಲಿ ಆ ದಿನ ನುಡಿನಮನ ಎಂದು ಒಂದು ಭಾಷಣವೂ ಉಂಟು. ಊರಿನ ಹಿರಿಯರೊಬ್ಬರು ಮೈಕ್ ಹಿಡಿದು, ಮೃತರು ಹೋಟೆಲ್ ಉದ್ಯಮಕ್ಕೆ ಸಲ್ಲಿಸಿದ ಸೇವೆಯನ್ನು ಬಹಳ ಚೆನ್ನಾಗಿ ವರ್ಣಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಮೀದ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಸತ್ತ ಮೇಲೂ ಆ ಮ್ಯಾನೇಜರು ಮಾವನನ್ನು ಬಿಡಲಿಲ್ಲ.

ಮತ್ತೆ ಸತ್ತವರಿಗೆ ಬಡಿಸುವ ಕ್ರಮ. ಒಳಗಿನ ಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಸುಮ್ಮನೆ ಕಾಯುವುದು. ಸ್ವಲ್ಪ ಹೊತ್ತಿನ ಮೇಲೆ ಮೂರು ಸಲ ಬಾಗಿಲು ತಟ್ಟಿ ತೆರೆಯಬೇಕು. ತಟ್ಟದೆ ತೆರೆದರೆ ಉಣ್ಣುತ್ತಿರುವವರಿಗೆ ಸಂಕೋಚವಾಗುತ್ತದೆ. ಎಷ್ಟು ಸೂಕ್ಷ್ಮ ನೋಡಿ ನಾವು, ಸತ್ತವರ ವಿಷಯದಲ್ಲಿ! ಅಮ್ಮ ಬಂಗುಡೆ ಮೀನಿನ ಪುಳಿಮುಂಚಿ ತಾನೇ ಮಾಡಿದ್ದಳು. ತಾನೇ ಬಡಿಸಿದಳು, ಬಾಗಿಲು ಎಳೆದಳು. ನಾವೆಲ್ಲ ಹಿಂದೆ ನಿಂತೆವು. ಮನೆ ತುಂಬ ಜನ, ಒಂದು ಕೆಮ್ಮಿನ ಸದ್ದು ಇಲ್ಲ.

ಅಮ್ಮ ಕೈ ಎತ್ತಿ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಳು. ಒಂದು, ಎರಡು, ಮೂರು. ಬಾಗಿಲು ತೆರೆಯುತ್ತಾಳೆ ಎಂದು ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಅವಳು ತೆರೆಯಲಿಲ್ಲ. ಸ್ವಲ್ಪ ಬಿಟ್ಟು, ಎಷ್ಟು ಬಿಡಬೇಕೋ ಸರಿಯಾಗಿ ಅಷ್ಟೇ ಬಿಟ್ಟು, ಮತ್ತೆ ಎರಡು ಸಲ ತಟ್ಟಿದಳು.

"ದೊಡ್ಡಮ್ಮ, ಮೂರೇ ಸಾಕು," ಎಂದರು ಯಾರೋ, ಮುದುಕಿಗೆ ಲೆಕ್ಕ ತಪ್ಪಿತೆಂದು.

"ಅವನಿಗೆ ಮೂರು ಸಾಲದು," ಎಂದಳು ಅಮ್ಮ, ಬಾಗಿಲು ದೂಡುತ್ತಾ.

ಹಮೀದ್ ಟೊಪ್ಪಿ ತೆಗೆದು ಮುಖ ಒರೆಸಿಕೊಂಡ. ಮುಚ್ಚಿದ ಕಿಟಕಿಯ ಹಿಂದೆ ನಿಂತು ಇವಳು ದಿನಾ ಕೇಳಿದ್ದಾಳೆ. ಬರೆದರೆ ಸಿಕ್ಕದ ಆ ತಾಳ ಕಾಗದ ಹಿಡಿದ ನನಗೆ ಬರಲಿಲ್ಲ, ಬಾರಿಸುವ ಜನ ಅಲ್ಲದ ಇವಳ ಗೆಣ್ಣಿಗೆ ಬಂದಿದೆ. ನೆಂಟರೆಲ್ಲ ಹೋದ ಮೇಲೆ ನಾನು ಕೇಳಿಯೇ ಬಿಟ್ಟೆ. "ಕೇಳ್ತಿದ್ದೆಯಲ್ಲ ಅಮ್ಮ. ಅವನಿಗೆ ಒಂದು ಮಾತು ಹೇಳಲಿಕ್ಕೆ ನಿನಗೆ ಎಂತ ಕಷ್ಟ ಆಗ್ತಿತ್ತು?"

ಅಮ್ಮ ಬಾಳೆಲೆ ಮಡಚುತ್ತಿದ್ದಳು. "ಹೇಳುವ ಅಂತಲೇ ಇದ್ದೆ," ಎಂದಳು.

ಮೊನ್ನೆ ಯಾರೋ ಪಿಯಾನೊ ಕೊಳ್ಳುತ್ತೇವೆಂದು ಬಂದಿದ್ದರು. ಯಜಮಾನ ನಾನಲ್ಲವೇ, ಗಂಭೀರವಾಗಿ ಹೆಲ್ಮೆಟ್ಟು, ಕೊಡೆ ಎಲ್ಲ ಎತ್ತಿ, ಮುಚ್ಚಳ ತೆರೆದು ತೋರಿಸುತ್ತಿದ್ದೆ. ಕಿಟಕಿಯಿಂದ ಅಮ್ಮನ ಸ್ವರ ಬಂತು: "ಕಾರು ಬೇಕಾದ್ರೆ ಕೊಡು. ಅದು ಬೇಡ." ಬಂದವರು ಬೆಪ್ಪಾಗಿ ನನ್ನನ್ನು ನೋಡಿ ಹೋದರು. ಆ ಕಿಟಕಿಯನ್ನು ಈಗ ಅವಳು ಮುಚ್ಚುವುದೇ ಇಲ್ಲ. ಮಳೆಯ ಎರಚಲು ಒಲೆಯ ತನಕ ಬರುತ್ತದೆ, ಸಂಜೆ ನಿಜವಾಗಿಯೂ ಸೊಳ್ಳೆ ಬರುತ್ತದೆ. ನಾನು ಮುಚ್ಚಲು ಹೋದರೆ, "ಇರಲಿ," ಎನ್ನುತ್ತಾಳೆ.