ಅಪ್ಪಣೆಗೆ ಕಾದ ಆಸ್ಪತ್ರೆ

೧೯೬೩ರ ಮಾರ್ಚ್ ತಿಂಗಳು, ಮಂಗಳವಾರ, ಬೆಳಿಗ್ಗೆ ಆರು ಗಂಟೆ. ಶಿರಸಿಯಿಂದ ಹೊರಟ ಬಾಡಿಗೆ ಕಾರಿನಲ್ಲಿ ಇಬ್ಬರಿದ್ದೆವು: ಖಾಸಗಿ ಆಸ್ಪತ್ರೆಗಳ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾಗಿದ್ದ ನಾನು, ಚಾಲಕ ಕರೀಂ ಸಾಬರು. ಸಣ್ಣ ಆಸ್ಪತ್ರೆಗಳನ್ನು ಮುಚ್ಚಿಸುವ ನಿಯಮ ಬರಲಿದೆ ಎಂಬ ಸುದ್ದಿಯಿತ್ತು. ಪ್ರತಿಯೊಂದರಲ್ಲೂ ವೈದ್ಯರು ವಾಸವಿದ್ದಾರೆ, ಮುಚ್ಚಬೇಡಿ ಎಂದು ಸಂಘದವರು ಬೆಂಗಳೂರಿಗೆ ಅರ್ಜಿ ಒಯ್ಯುವವರಿದ್ದೆವು. ನೋಡದೆ ಬರೆಯುವ ಅಭ್ಯಾಸ ಮಿಲಿಟರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿ ದುಡಿದ ನನಗಿರಲಿಲ್ಲ. ಹಾಗಾಗಿ ಒಂದೊಂದನ್ನೂ ಕಣ್ಣಾರೆ ಕಂಡು ಬರಲು ಹೊರಟಿದ್ದೆ.

ಸಿದ್ದಾಪುರದಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿನ ಡಾಕ್ಟರು ಇಡ್ಲಿ, ಕಾಫಿ ಕೊಟ್ಟು ನಕ್ಕರು: "ನಮ್ಮನ್ನೆಲ್ಲ ಮುಚ್ಚಿಸಿದ್ರೆ ಮಂತ್ರಿಗಳಿಗೆ ಇಲ್ಲಿ ಜ್ವರ ಬಂದಾಗ ಯಾರು ಸೂಜಿ ಚುಚ್ತಾರೆ, ಕೇಳಿ ಬನ್ನಿ." ಶಿರಸಿಗೆ ಹಿಂತಿರುಗಿ ಯಲ್ಲಾಪುರದ ದಾರಿ ಹಿಡಿದೆವು. ಬಿಸಿಲು ಏರಿತ್ತು. ರಸ್ತೆಯ ಕೆಂಪು ಧೂಳು ಕಾರಿನೊಳಗೂ ತುಂಬಿತು.

ಮಂಚಿಕೇರಿ ದಾಟಿ, ಕಾಡಿನ ಅಂಚಿನಲ್ಲಿ ಒಂದು ಹೆಂಚಿನ ಆಸ್ಪತ್ರೆ. ಅಲ್ಲಿನ ಡಾಕ್ಟರರನ್ನು ನಾನು ಕಂಡಿರಲಿಲ್ಲ. ಸಂಘದ ಚಂದಾ ಮಾತ್ರ ತಪ್ಪದೆ ಬರುತ್ತಿತ್ತು. ಜಗಲಿಯ ಮೇಲೆ ರೋಗಿಗಳು ಸಾಲಾಗಿ ಕುಳಿತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ.

"ಸಾಹೇಬ್ರೆ, ಇದು ಆಸ್ಪತ್ರೆನೋ ದರ್ಗಾನೋ?" ಎಂದರು ಕರೀಂ ಸಾಬರು, ತಾವೂ ದನಿ ತಗ್ಗಿಸಿ.

ಒಳಗೆ ಮೇಜು, ಅದರ ಹಿಂದೆ ಖಾಲಿ ಕುರ್ಚಿ. ಒಬ್ಬ ರೈತ ಆ ಕುರ್ಚಿಯ ಎದುರು ಕುಳಿತು ತನ್ನ ಕೆಮ್ಮಿನ ವಿಚಾರ ಹೇಳುತ್ತಿದ್ದ. ಬಿಳಿ ಸೀರೆಯ ಹೆಂಗಸೊಬ್ಬರು ಕುರ್ಚಿಯ ಪಕ್ಕ ಬಾಗಿ ಕ್ಷಣಕಾಲ ಕಿವಿಗೊಟ್ಟರು. ತಲೆಯಾಡಿಸಿ ಸೀಸೆಗೆ ಔಷಧಿ ತುಂಬಿದರು. ಅವರು ಡಾಕ್ಟರರ ಹೆಂಡತಿ ಗೋದಾವರಿಯಕ್ಕ. ಸಂಘದಿಂದ ಬಂದವನೆಂದು ಹೇಳಿ, ಡಾಕ್ಟರು ಎಲ್ಲಿ ಎಂದು ಕೇಳಿದೆ.

"ಹೋದ ಮಳೆಗಾಲದಲ್ಲಿ ತೀರಿಕೊಂಡ," ಎಂದರು ಸಹಜವಾಗಿ. "ಅರ್ಜಿಯಲ್ಲಿ ಎಂಗಳ ಹೆಸರೂ ಇದ್ದಲಾ?"

ನಾನು ಉತ್ತರಿಸುವ ಮೊದಲೇ ಮೂಲೆಯ ಮಂಚದಿಂದ ನರಳಾಟ ಕೇಳಿತು. ಇಪ್ಪತ್ತರ ಯುವಕ, ಮೈ ಸುಡುವ ಜ್ವರ. ಬಲಗಡೆಯ ಕಿಬ್ಬೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿದಿತ್ತು. ಕರುಳಬಾಲ, ಅಂದರೆ ಅಪೆಂಡಿಕ್ಸ್, ಊದಿದೆ, ಒಡೆದರೆ ಉಳಿಯುವುದಿಲ್ಲ, ಈಗಲೇ ಶಿರಸಿಗೆ ಒಯ್ಯಿರಿ ಎಂದೆ. ಅವನ ತಂದೆ ಅಲುಗಲಿಲ್ಲ.

"ಡಾಕ್ಟ್ರ ಅಪ್ಪಣೆ ಇನ್ನೂ ಆಜಿಲ್ಲೆ."

"ಆನೂ ನಿನ್ನೆಯಿಂದ ಕೇಳ್ತಾ ಇದ್ದಿ," ಎಂದರು ಗೋದಾವರಿಯಕ್ಕ, ಖಾಲಿ ಕುರ್ಚಿಯತ್ತ ನೋಡಿ. "ಎಂತೂ ಹೇಳ್ತ್ವಿಲ್ಲೆ."

ವಾದಿಸುವಷ್ಟು ಸಮಯವಿರಲಿಲ್ಲ. ಹೋಗಿ ಆ ಕುರ್ಚಿಯಲ್ಲಿ ಕುಳಿತೆ. ಕಿಟಕಿ ಮುಚ್ಚಿದ್ದ ಕೋಣೆ, ಬಿಸಿಲು ಬೀಳದ ಮೂಲೆ. ಆದರೂ ಯಾರೋ ಈಗಷ್ಟೇ ಎದ್ದು ಹೋದಂತೆ ಕುರ್ಚಿ ಬೆಚ್ಚಗಿತ್ತು. "ಶಿರಸಿಗೆ ಒಯ್ಯಿರಿ," ಎಂದೆ ಗಟ್ಟಿಯಾಗಿ.

ತಂದೆ ತಕ್ಷಣ ಎದ್ದು ಮಗನನ್ನು ಹೊತ್ತುಕೊಂಡ. ಕರೀಂ ಸಾಬರು ಅವರಿಬ್ಬರನ್ನು ಕೂರಿಸಿಕೊಂಡು ಶಿರಸಿಗೆ ಕಾರು ಓಡಿಸಿದರು.

ಅದು ಮರಳುವವರೆಗೆ ನಾನು ಅಲ್ಲೇ ಉಳಿಯಬೇಕಾಯಿತು. ವೈದ್ಯರಿಲ್ಲದ ಆಸ್ಪತ್ರೆಯ ಪರವಾಗಿ ಸಂಘ ಮಾತಾಡಿದರೆ ಮಿಕ್ಕವರ ಮಾತೂ ಸುಳ್ಳಾಗುತ್ತದೆ ಎಂದು ಗೋದಾವರಿಯಕ್ಕನಿಗೆ ತಿಳಿಸಿದೆ.

"ಹೆಸರು ಹೊಡೆದು ಹಾಕ್ತ್ರಾ? ಹಂಗಾರೆ ಇವ್ಕೆ ನಿಂಗಳೇ ಹೇಳಿ," ಎಂದರು ಜಗಲಿಯತ್ತ ಕೈ ತೋರಿಸಿ.

ಜಗಲಿಗೆ ಹೋಗಿ, ಡಾಕ್ಟರು ಸತ್ತಿದ್ದಾರೆ, ಇಲ್ಲಿ ಕಾಯಬೇಡಿ ಎಂದೆ. ಸಾಲಿನ ಮೊದಲಿಗೆ ಕುಳಿತಿದ್ದ ಅಜ್ಜ ನನ್ನನ್ನು ಮರುಕದಿಂದ ನೋಡಿದ.

"ಗೊತ್ತಿದ್ದು ಮಾರಾಯ್ರೆ. ಮಸಣಕ್ಕೆ ಹೊತ್ಕಂಡು ಹೋಗಿದ್ದು ಎಂಗಳೇಯ. ಒಳಗೆ ಹೋಗಿ, ಕೂತ್ಕಳಿ."

ಕುಳಿತೆ. ಒಬ್ಬೊಬ್ಬರನ್ನೇ ಪರೀಕ್ಷಿಸಿ ಔಷಧಿ ಹೇಳಿದೆ. ಅವರಾರೂ ನನ್ನ ಮುಖ ನೋಡಲಿಲ್ಲ. ನನ್ನ ತಲೆಯಿಂದ ಗೇಣು ಮೇಲಕ್ಕೆ ನೋಡಿ ಮಾತಾಡಿದರು. ಡಾಕ್ಟರು ಬಹಳ ಎತ್ತರದ ಆಳಾಗಿದ್ದರೆಂದು ಗೋದಾವರಿಯಕ್ಕ ಆಮೇಲೆ ಹೇಳಿದರು.

ಸಂಜೆ ಕಾರು ಬಂತು. "ಹೊಟ್ಟೆ ಕೊಯ್ದ್ರು ಸಾಹೇಬ್ರೆ, ಹುಡುಗ ಉಳೀತಾನಂತೆ," ಎಂದರು ಕರೀಂ ಸಾಬರು. ಕಾರಿನಲ್ಲಿ ಕುಳಿತು ಅರ್ಜಿಯಿಂದ ಆ ಆಸ್ಪತ್ರೆಯ ಹೆಸರನ್ನು ಹೊಡೆದು ಹಾಕಿದೆ. ಅದರ ಕೆಳಗೆ, ಅಲ್ಲಿಗೆ ಒಬ್ಬ ವೈದ್ಯರು ತುರ್ತಾಗಿ ಬೇಕು ಎಂದು ಬರೆದು ಪೆನ್ನು ಮುಚ್ಚಿದೆ.