ಕೆಳಗಿಳಿಸದ ಆಟಿಕೆಗಳ ಚಿತ್ರ

ಗಿಣಿ ಹಸಿರಾಗಿತ್ತು. ಹೀಗೆ ಬರೆದ ಕೂಡಲೇ ನನಗೆ ಅನುಮಾನ. ನನ್ನ ಡಬ್ಬಿಯಲ್ಲಿ ಎರಡು ಹಸಿರು ಪೆನ್ಸಿಲ್‌ಗಳಿದ್ದವು. ಈಗ ನೆನಪಾಗುವುದು ಅವುಗಳ ಹಸಿರೇ ಹೊರತು ಆ ಮರದ ಗಿಣಿಯದಲ್ಲ. ಅಷ್ಟೊಂದು ಕೂಸುಗಳು ಚೀಪಿದ ಗಿಣಿಗೆ ಬಣ್ಣ ಉಳಿದಿತ್ತೋ ಇಲ್ಲವೋ. ಚಿತ್ರ ಬರೆದವರಿಗೆ ವಸ್ತು ಮರೆಯುವುದಿಲ್ಲ ಎನ್ನುತ್ತಾರೆ. ನನಗೆ ಆದದ್ದು ಉಲ್ಟಾ. ಚಿತ್ರವೇ ವಸ್ತುವನ್ನು ತಿಂದುಹಾಕಿತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಕ್ಕ ಬಾಣಂತನಕ್ಕೆಂದು ಸಿಂದಗಿಯಿಂದ ಬಾಗೇವಾಡಿಯ ನಮ್ಮ ಮನೆಗೆ ಬಂದಿದ್ದಳು. ಹಿಂದಿನ ವರ್ಷವೂ ಬಂದಿದ್ದಳು. ಆಗ ಏಳನೆಯ ತಿಂಗಳಲ್ಲೇ ಕೂಸು ಹೋಗಿತ್ತು. ಅವ್ವ ಸಂಭ್ರಮ ತಡೆಯಲಾರದೆ ತೊಟ್ಟಿಲಿಗೆ ಕಟ್ಟುವ ಹಳೆಯ ಆಟಿಕೆಗಳನ್ನೆಲ್ಲ ಮೊದಲೇ ಅಟ್ಟದಿಂದ ಇಳಿಸಿ, ಒರೆಸಿ, ಬಿಸಿಲಿಗೆ ಇಟ್ಟಿದ್ದಳು. ಅದರಿಂದಲೇ ಹಾಗಾಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳೇ ಅಂದುಕೊಂಡಳು.

ಈ ಸಲ ಆಟಿಕೆಗಳ ಟ್ರಂಕು ಅಟ್ಟದ ಮೇಲೇ ಇತ್ತು. "ಕೂಸು ಮನಿಗೆ ಬಂದ ಮ್ಯಾಲೆ ಇಳಿಸೂಣು. ಅಲ್ಲೀತನಕ ಒಂದೂ ಕೆಳಗ ಬರಬಾರದು," ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು.

ಅಕ್ಕನಿಗೆ ಅವನ್ನು ನೋಡಬೇಕಿತ್ತು. ಅವಳೇ ಒಂದು ಹಂಚಿಕೆ ಹೂಡಿದಳು. ನಾನು ಡ್ರಾಯಿಂಗ್ ಕಲಿಯುತ್ತಿದ್ದೆ, ರಜೆಗೆ ಬಂದಿದ್ದೆ. ಆಟಿಕೆ ಬರುವುದು ಬೇಡ, ಅವುಗಳ ಚಿತ್ರ ಬರಲಿ ಎಂದಳು. "ಹಾಳಿ ಅಂದ್ರ ಆಟಿಗಿ ಏನ? ಹಾಳಿಗೆ ಯಾವ ಕೇಡು ಬಡಿತೈತಿ?" ಅವ್ವ ಒಲೆಯ ಕಡೆ ತಿರುಗಿದಳು. ಒಪ್ಪಿದಳೋ, ಬೇಡ ಅನ್ನಲು ಹೆದರಿದಳೋ, ಗೊತ್ತಿಲ್ಲ.

ಏಣಿ ಹತ್ತಿ, ಬೆಳಕಿಂಡಿಯ ಕೆಳಗೆ ಕೂತು ಬರೆದೆ. ಮೊದಲು ಗಿಣಿ. ಆಮೇಲೆ ಹಿತ್ತಾಳೆಯ ಗಿಲಕಿ. ಕೊನೆಗೆ ಒಂದು ಕಿವಿ ಮುರಿದ ಮರದ ಕುದುರೆ. ಬಣ್ಣದ ಪೆನ್ಸಿಲ್ಲು ಬೇಗ ಒಲಿಯುವುದಿಲ್ಲ. ಕೆಂಪಿನ ಮೇಲೆ ಕಂದು, ಅದರ ಮೇಲೆ ಮತ್ತೆ ಕೆಂಪು ತಿಕ್ಕುತ್ತ ಹೋದರೆ ಮಾತ್ರ ಹಳೆಯ ಅರಗಿನ ಹೊಳಪು ಬರುತ್ತದೆ.

ಇನ್ನೂ ಮುಗಿಯದ ಕುದುರೆಯನ್ನು ಕೆಳಗೆ ತಂದು ತೋರಿಸಿದೆ. "ಇದೇನ ಕುದುರಿನೋ ಕತ್ತಿನೋ? ಥೇಟ್ ನಮ್ಮ ಅತ್ತಿ ಮಾರಿ," ಎಂದು ಅಕ್ಕ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಬೆಳಗಿನಿಂದ ಕೂಸು ಮಿಸುಕಿಲ್ಲ ಎಂದಳು.

ಅವ್ವ ಬೆಲ್ಲದ ನೀರು ಕುಡಿಸಿ ಅವಳನ್ನು ಎಡಮಗ್ಗುಲಾಗಿ ಮಲಗಿಸಿದಳು. ನೀ ಬರೆಯುವುದನ್ನು ನಿಲ್ಲಿಸಬೇಡ ಎಂದು ಅಕ್ಕ ನನಗೆ ಹೇಳಿದಳು. ಕುದುರೆಯ ಕಣ್ಣು ಬಾಕಿ ಇತ್ತು. ನಾನು ಆ ಕಣ್ಣಿಗೆ ಬಣ್ಣ ತುಂಬಿದ ಗಳಿಗೆಯಲ್ಲೇ ಕೂಸು ಒದೆಯಿತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಮಾತು ಬಹಳ ಚೆನ್ನಾಗಿ ಹೊಂದುತ್ತದೆ, ಆದ್ದರಿಂದಲೇ ನಾನು ನಂಬುವುದಿಲ್ಲ. ನನಗೆ ಉಳಿದಿರುವುದು ಇಷ್ಟು: ಸಂಜೆ ಹೊಟ್ಟೆಯ ಮೇಲಿನ ಸೀರೆ ಸಣ್ಣಗೆ ಅಲುಗಿತು. ಅದನ್ನು ನೋಡಿಯೂ ಅವ್ವನ ಮುಖ ಸಡಿಲಾಗಲಿಲ್ಲ.

ಮರುವಾರ ಊರಿನ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬಹಳ ಸಣ್ಣದು. ತಡವಾಗಿ ಅತ್ತಿತು, ಅದೂ ಬೆಕ್ಕಿನ ಮರಿಯಂತೆ. ಮನೆಗೆ ಕಳಿಸುವಾಗ ಡಾಕ್ಟರು, ಹಾಲು ಚೀಪದಿದ್ದರೆ ಕೂಡಲೇ ಕರೆತನ್ನಿ ಎಂದರು. ಕೂಸು ಮನೆಗೆ ಬಂದಿತ್ತು. ಆದರೂ ಟ್ರಂಕಿನ ಮಾತನ್ನು ಯಾರೂ ಎತ್ತಲಿಲ್ಲ.

ಐದನೆಯ ದಿನ ಸೆಟಗವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ನಮ್ಮಲ್ಲಿಯ ನಂಬಿಕೆ. ಅವಳಿಗೆಂದು ಕೂಸಿನ ತಲೆದೆಸೆಗೆ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ಲು ಇಡಬೇಕು. ಮುಸ್ಸಂಜೆ ಅವ್ವ ದೀಪ ಹಚ್ಚಿ ನನ್ನತ್ತ ಕೈ ಚಾಚಿದಳು. ನನ್ನ ಡ್ರಾಯಿಂಗ್ ಬುಕ್ಕಿನಿಂದ ಮುಂದಿನ ಹಾಳೆ ಹರಿದು ಕೊಟ್ಟೆ.

ದೀಪದ ಬೆಳಕು ಓರೆಯಾಗಿ ಬಿದ್ದಾಗ ಬಿಳಿ ಹಾಳೆಯಲ್ಲಿ ಕುದುರೆ ಎದ್ದಿತು. ಮೇಲಿನ ಹಾಳೆಯಲ್ಲಿ ನಾನು ಒತ್ತಿ ಬರೆದದ್ದೆಲ್ಲ ಇದರಲ್ಲಿ ತಗ್ಗು ಬಿದ್ದಿತ್ತು. ಕಾಲು, ಬೆನ್ನು, ಮುರಿದ ಕಿವಿ, ಎಲ್ಲವೂ ಬಣ್ಣವಿಲ್ಲದೆ. ಅವ್ವ ಹಾಳೆ ತಿರುಗಿಸಿದಳು. ಆ ಕಡೆ ಅದು ಉಬ್ಬಿಕೊಂಡಿತ್ತು.

"ಇದು ಖಾಲಿ ಇಲ್ಲಲ್ಲ," ಎಂದಳು.

ಬುಕ್ಕಿನಲ್ಲಿ ಉಳಿದಿದ್ದ ಇನ್ನೊಂದೇ ಹಾಳೆಯಲ್ಲೂ ಮಸುಕು ಗೆರೆಗಳು. ಬೇರೆ ತರೋಣವೆಂದರೆ ದೀಪ ಹಚ್ಚಿದ ಮೇಲೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಅಕ್ಕ ಕೂಸನ್ನು ಎತ್ತಿಕೊಂಡಳು. "ಏನೂ ಇಡಬ್ಯಾಡವ್ವಾ."

"ಇಡದಿದ್ರ ಅಕಿ ಎಲ್ಲಿ ಬರೀತಾಳ?"

"ಬರೀದನ ಹೋಗ್ಲಿ."

ಅಕ್ಕ ಅಂಗೈಯಿಂದ ಕೂಸಿನ ಹಣೆಯನ್ನು ಮುಚ್ಚಿ ಎದೆಗೆ ಒತ್ತಿ ಹಿಡಿದಳು. ಬೆಳಗಾಗುವವರೆಗೂ ಆ ಕೈ ತೆಗೆಯಲಿಲ್ಲ.

ಕೂಸು ಮುಂಜಾನೆ ಹಾಲು ಚೀಪಿತು. ಬದುಕಿತು. ಸಾಲಿಗೆ ಹೋಗುವಷ್ಟು ದೊಡ್ಡವಳಾದ ಮೇಲೂ, ಅವಳಿಗೆ ಜ್ವರ ಬಂದು ನಾವೆಲ್ಲ ಇಳಿಯುತ್ತದೆ ಬಿಡು ಎಂದಾಗ ಅವ್ವ ಮಾತ್ರ ಅವಳ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. "ನಿಮಗೇನ ಗೊತ್ತು," ಎನ್ನುತ್ತಿದ್ದಳು. "ಇಕಿ ಆಯುಷ್ಯ ಎಷ್ಟು ಅಂತ ಎಲ್ಲೂ ಬರದಿಲ್ಲ."